ಹಿತ್ತಿಲ ಬಾಗಿಲ ಎರಡು ರಿಂಗು

ಕಲ್ಯಾಣದ ಲೋಕೋ ಶೆಡ್ಡಿನ ಹಿಂದಿನ ಕ್ವಾರ್ಟರ್ಸಿನಲ್ಲಿ ನಮಗೆ ಹೊತ್ತು ಹೇಳುತ್ತಿದ್ದುದು ಅಡುಗೆಮನೆಯ ಹಲಗೆಯ ಮೇಲೆ ಸಾಲಾಗಿ ಕೂತ ಲೋಟಗಳು. ಸಣ್ಣ ಹಿತ್ತಾಳೆ ಲೋಟವೊಂದೇ ನಡುಗಿದರೆ ಯಾರ್ಡಿನಲ್ಲಿ ಡಬ್ಬಿ ಜೋಡಿಸುವ ಶಂಟಿಂಗ್ ಎಂಜಿನ್ನು. ಹಿತ್ತಾಳೆಯ ಜೊತೆಗೆ ಸ್ಟೀಲಿನವೂ ಮಾತಾಡಿಕೊಂಡರೆ ಮುಂಬಯಿ ಲೋಕಲ್ಲು. ಅವ್ವ ತವರಿನಿಂದ ತಂದ ಕಂಚಿನ ತಂಬಿಗೆಯೂ ದನಿಗೂಡಿಸಿದರೆ ಪುಣೆ ಕಡೆಯ ಮೇಲ್ ಗಾಡಿ. ಆಗ ಅವ್ವ ಎದ್ದು ಅನ್ನಕ್ಕಿಡುತ್ತಿದ್ದಳು. ಈಗ ನಾನಿರುವುದು ಸಾನಪಾಡಾದ ಏಳನೆಯ ಮಹಡಿಯ ಫ್ಲ್ಯಾಟಿನಲ್ಲಿ. ಇಲ್ಲಿ ಲೋಟಗಳು ಕಪಾಟಿನೊಳಗೆ ಗಾಜಿನ ಬಾಗಿಲು ಮುಚ್ಚಿಕೊಂಡು ಸುಮ್ಮನಿರುತ್ತವೆ. ಆದರೂ ಮಧ್ಯಾಹ್ನ ಊಟವಾಗಿ ಅಡ್ಡಾದಾಗ, ನಿದ್ದೆಗೂ ಎಚ್ಚರಕ್ಕೂ ನಡುವೆ, ಎಲ್ಲೋ ಒಂದು ಹಿತ್ತಾಳೆ ಲೋಟ ನಡುಗುತ್ತದೆ. ಕಲ್ಲಿದ್ದಲ ಹೊಗೆ ಮೂಗಿಗೆ ಬರುತ್ತದೆ. ಕಣ್ಣು ತೆರೆಯದೆ ಕೈಚಾಚಿದರೆ ಸುಣ್ಣದ ಗೋಡೆ ತಾಕುತ್ತದೆ, ಬೆರಳಿಗೆ ಮಸಿ ಹತ್ತುತ್ತದೆ. ಆ ಮನೆಯನ್ನು ಕೆಡವಿ ಎಷ್ಟೋ ಕಾಲವಾಯಿತು ಎಂದು ನೆನಪಾಗುವುದು ಕಣ್ಣು ಬಿಟ್ಟ ಮೇಲೆ.

ಅದು ಒಂದು ಮನೆಯಲ್ಲ, ಒಂದೂವರೆ ಮನೆ ಎನ್ನಬೇಕು. ನಮ್ಮ ಕೋಣೆಗೂ ಪಕ್ಕದ ಕೋಣೆಗೂ ನಡುವಿನ ಗೋಡೆ ಮಾಡಿನವರೆಗೆ ಹೋಗುತ್ತಿರಲಿಲ್ಲ. ಮೇಲೆ ಮೊಳದುದ್ದ ಸಂದು ಇತ್ತು. ಅದರೊಳಗಿಂದ ಆ ಮನೆಯ ಮೀನುಸಾರಿನ ಘಮ ನಮ್ಮಲ್ಲಿಗೆ, ನಮ್ಮ ರೊಟ್ಟಿ ಬಡಿಯುವ ಸದ್ದು ಅವರಲ್ಲಿಗೆ ದಾಟುತ್ತಿದ್ದವು. ನಾವು ಕಲಬುರಗಿ ಕಡೆಯವರು, ಮೀನು ಮುಟ್ಟದವರು. ಪಕ್ಕದ ಶೀನಪ್ಪ ಡ್ರೈವರ್ ಮತ್ತು ಅವರ ಹೆಂಡತಿ ಗಿರಿಜಮ್ಮ ಕಾರ್ಕಳದ ಕಡೆಯವರು. ನಮಗೆ ಅವರು ಶೀನ ಕಾಕಾ, ಗಿರಿಜಾ ಕಾಕು. ಮೀನಿನ ದಿನ ಅವ್ವ ಸಂದಿಗೆ ಕೇಳುವಂತೆ ಕೆಮ್ಮಿ ಲೋಬಾನ ಹಾಕುತ್ತಿದ್ದಳು. ಮರುದಿನ ಅದೇ ಕಾಕು ತೆಳ್ಳಗೆ ನೀರುದೋಸೆ ಹುಯ್ದು, ಬಾಳೆ ಎಲೆಯಲ್ಲಿ ಮಡಚಿ ನಮ್ಮ ಕೈಗೆ ಕೊಟ್ಟರೆ ಅವ್ವ ಶೇಂಗಾ ಚಟ್ನಿಪುಡಿಯನ್ನು ಬಟ್ಟಲು ತುಂಬ ಕಳಿಸುತ್ತಿದ್ದಳು. ಅವರು ಗಂಡಹೆಂಡಿರು ತಮ್ಮೊಳಗೆ ತುಳು ಆಡುತ್ತಿದ್ದರು. ನಮ್ಮೊಡನೆ ಪುಸ್ತಕ ಓದಿದಂಥ ಕನ್ನಡ. ನಮ್ಮ ಮಾತು ಕೇಳಿದರೆ ಬೈಗುಳದಂತೆ ಕೇಳುತ್ತದೆ ಎಂದು ಕಾಕು ನಗುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ನಾವು ಮೂವರು ಮಕ್ಕಳೂ ಯಾವ ಮನೆಯಲ್ಲಿ ಉಂಡೆವು, ಯಾವ ಮನೆಯಲ್ಲಿ ಮಲಗಿದೆವು ಎಂಬ ಲೆಕ್ಕ ಯಾರೂ ಇಡುತ್ತಿರಲಿಲ್ಲ.

ಅಪ್ಪ ಕಾಕಾನ ಎಂಜಿನ್ನಿನ ಫೈರ್‌ಮನ್. ಕಾಕಾನನ್ನು ಉಸ್ತಾದ ಎಂದೇ ಕರೆಯುತ್ತಿದ್ದ. ಖಾಡಿಯ ಹಿನ್ನೀರಿನಾಚೆ, ಉಪ್ಪಿನ ಗದ್ದೆಗಳ ನಡುವೆ ಹೋಗುವ ಒಂಟಿ ಹಳಿಯ ದಾರಿಯಲ್ಲಿ ಇಬ್ಬರೂ ಸಣ್ಣದೊಂದು ಪ್ಯಾಸೆಂಜರ್ ಗಾಡಿ ಓಡಿಸುತ್ತಿದ್ದರು. ಬೆಳಿಗ್ಗೆ ಒಟ್ಟಿಗೆ ಹೋಗಿ ಸಂಜೆ ಒಟ್ಟಿಗೆ ಬರುವರು. ಕಣ್ಣು ಹಲ್ಲು ಬಿಟ್ಟರೆ ಉಳಿದದ್ದೆಲ್ಲ ಕಪ್ಪು. ಅವ್ವ ಅಪ್ಪನ ಬಟ್ಟೆಯನ್ನು ಬೇರೆಯೇ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು. ಮೊದಲ ನೀರು ಚೆಲ್ಲಿದಾಗ ಹಿತ್ತಿಲ ಕಾಲುವೆಯಲ್ಲಿ ಮಸಿ ಸುತ್ತುತ್ತ ಹೋಗುವುದನ್ನು ನಾನು ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡುತ್ತಿದ್ದೆ. ಅದರಲ್ಲಿ ಅಪ್ಪ ಆ ದಿನ ದಾಟಿದ ಊರುಗಳೆಲ್ಲ ಕರಗಿ ಹೋಗುತ್ತಿವೆ ಎಂದು ನನಗೆ ಅನಿಸುತ್ತಿತ್ತು.

ಬಚ್ಚಲು ಮತ್ತು ಸಂಡಾಸ ಹಿತ್ತಿಲಲ್ಲಿ, ಎರಡು ಮನೆಗೂ ಸೇರಿ. ಎರಡಕ್ಕೂ ಒಳಗಿನ ಚಿಲಕ ಭದ್ರವಿರಲಿಲ್ಲ. ಒಮ್ಮೆ ಊರಿಂದ ಬಂದಿದ್ದ ನಮ್ಮ ಸೋದರಮಾವ ಹಾಡಿಕೊಳ್ಳುತ್ತ ಹೋಗಿ ಬಚ್ಚಲ ಬಾಗಿಲು ತಳ್ಳಿದ. ಒಳಗೆ ಗಿರಿಜಾ ಕಾಕು. ಆಮೇಲೆ ಎದ್ದ ರಂಪಕ್ಕೆ ಎರಡು ಮನೆ ಒಂದು ವಾರ ಮಾತುಬಿಟ್ಟವು, ಮಾವ ಎರಡನೆಯ ದಿನವೇ ಗಾಡಿ ಹತ್ತಿದ. ಜಗಳ ಬಿಡಿಸಲು ಶೀನ ಕಾಕಾ ಒಂದು ಉಪಾಯ ಮಾಡಿದರು. ಒಂಟಿ ದಾರಿಯಲ್ಲಿ ಎರಡು ಕಡೆಯಿಂದ ಎರಡು ಗಾಡಿ ನುಗ್ಗಬಾರದೆಂದು ಒಂದು ಕಟ್ಟಳೆ ಇತ್ತು. ಒಂದು ಸ್ಟೇಷನ್ನಿನಿಂದ ಇನ್ನೊಂದರವರೆಗಿನ ದಾರಿಗೆ ಒಂದು ಕಬ್ಬಿಣದ ಗುಂಡು. ಅದರ ಮೇಲೆ ಆ ಎರಡು ಸ್ಟೇಷನ್ನುಗಳ ಹೆಸರು ಕೊರೆದಿರುತ್ತದೆ. ಗುಂಡನ್ನು ಚರ್ಮದ ಚೀಲದಲ್ಲಿಟ್ಟು, ಚೀಲವನ್ನು ದೊಡ್ಡ ಬೆತ್ತದ ರಿಂಗಿಗೆ ಕಟ್ಟಿ ಎಂಜಿನ್ನಿಗೆ ಕೊಡುತ್ತಾರೆ. ಆ ಗುಂಡು ಯಾರ ಕೈಯಲ್ಲಿದೆಯೋ ಅವರಿಗಷ್ಟೇ ದಾರಿ. ಮುಂದಿನ ಸ್ಟೇಷನ್ನಿನಲ್ಲಿ ಹಳೆಯದನ್ನು ಕೊಟ್ಟು, ಅಲ್ಲಿಂದ ಮುಂದಿನದನ್ನು ತೆಗೆದುಕೊಳ್ಳಬೇಕು. ಹೊರಡುವ ಮೊದಲು ಚೀಲ ಬಿಚ್ಚಿ ಹೆಸರು ಓದಬೇಕು. ಕಾಕಾ ಶೆಡ್ಡಿನಿಂದ ಮುರಿದ ಎರಡು ರಿಂಗು ತಂದು, ಒಂದರ ಚೀಲದೊಳಗೆ 'ಬಚ್ಚಲು', ಇನ್ನೊಂದರೊಳಗೆ 'ಸಂಡಾಸ' ಎಂದು ಕೆಂಪು ಬಣ್ಣದಲ್ಲಿ ಬರೆದ ತಗಡಿನ ಬಿಲ್ಲೆ ಇಟ್ಟು, ಹಿತ್ತಿಲ ಬಾಗಿಲ ಪಕ್ಕ ಮೊಳೆ ಹೊಡೆದು ತೂಗುಹಾಕಿದರು. ರಿಂಗು ಮೊಳೆಯ ಮೇಲಿದ್ದರೆ ಒಳಗೆ ಯಾರೂ ಇಲ್ಲ. ಹೆಸರನ್ನು ಚೀಲದ ಹೊರಗೇ ಬರೆಯಬಾರದೆ ಎಂದು ಅವ್ವ ಕೇಳಿದ್ದಕ್ಕೆ, ಹೊರಗೆ ಬರೆದರೆ ಯಾರು ಒಳಗೆ ನೋಡುತ್ತಾರೆ ಎಂದರು.

ನಾನು ಹೋಗುತ್ತಿದ್ದುದು ಮರಾಠಿ ಶಾಲೆಗೆ. ಕನ್ನಡದ ಅಕ್ಷರ ನನಗೆ ಹತ್ತಿದ್ದು ಆ ಎರಡು ಬಿಲ್ಲೆಗಳಿಂದ ಎಂದರೆ ನನ್ನ ಮಕ್ಕಳು ಈಗಲೂ ನಗುತ್ತಾರೆ. ಚ-ಗೆ ಒತ್ತು ಕೊಡುವುದನ್ನು ಬಚ್ಚಲಿನಿಂದಲೂ ಸೊನ್ನೆಯನ್ನು ಸಂಡಾಸದಿಂದಲೂ ಕಲಿತವಳು ನಾನು. ರಜೆಯ ದಿನ ಕಾಕಾ ಹಿತ್ತಿಲ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿರುವರು. ಯಾರು ರಿಂಗಿಗೆ ಕೈಹಾಕಿದರೂ ಪ್ರಶ್ನೆ ಬರುತ್ತಿತ್ತು.

"ಯಾವುದು?"

"ಬಚ್ಚಲು."

"ನೋಡಿ ಹೇಳಿದ್ಯಾ?"

ಎಡಗಡೆಯ ಮೊಳೆ ಬಚ್ಚಲಿನದು, ಬಲಗಡೆಯದು ಸಂಡಾಸದ್ದು ಎಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಕಾಕಾ ಆಗಾಗ ಕದ್ದು ಅದಲುಬದಲು ಮಾಡಿ ಇಡುತ್ತಿದ್ದರು. ನೋಡದೆ ಹೇಳಿ ಸಿಕ್ಕಿಬಿದ್ದರೆ ರಿಂಗು ವಾಪಸು ಮೊಳೆಗೆ. ಅವಸರ ಎಷ್ಟೇ ಇರಲಿ, ನೂರು ಎಣಿಸಿ ಹೋಗಬೇಕು. ನನ್ನ ತಮ್ಮ ಒಮ್ಮೆ ಎಪ್ಪತ್ತಕ್ಕೇ ಸೋತು ಚಡ್ಡಿ ಒದ್ದೆ ಮಾಡಿಕೊಂಡ. ಕಣ್ಣು ಮೊದಲು ಓದಬೇಕು, ಬಾಯಿ ಆಮೇಲೆ ಹೇಳಬೇಕು, ಬಾಯಿಗೆ ಯಾವಾಗಲೂ ಅವಸರ ಎನ್ನುವುದು ಕಾಕಾನ ಮಾತು. ಅವ್ವನನ್ನು ಕೇಳುತ್ತಿದ್ದರು, ಸ್ವಂತ ಹೆಂಡತಿಯನ್ನು ಕೇಳುತ್ತಿದ್ದರು. ಅಪ್ಪನನ್ನು ಮಾತ್ರ ಕೇಳುತ್ತಿರಲಿಲ್ಲ. ಅಪ್ಪ ರಿಂಗನ್ನು ಹೆಗಲಿಗೇರಿಸಿ, ಚೀಲದತ್ತ ನೋಡದೆ, ಬೇಕೆಂದೇ ಗತ್ತಿನಿಂದ ಅವರ ಮುಂದೆ ಹಾದುಹೋಗುವನು. ಕಾಕಾ ಬೀಡಿಯ ಹೊಗೆಯೊಳಗೆ ನಗುವರು. ಇಷ್ಟು ವರ್ಷ ಒಂದೇ ಎಂಜಿನ್ನಿನ ಮೇಲೆ ನಿಂತವನನ್ನು ಏನು ಕೇಳುವುದು? ಆ ನಗುವನ್ನು ಕಂಡು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನನ್ನೂ ಕೇಳದೆ ಬಿಡುವ ದಿನ ಬರಲಿ ಎಂದು ಕಾಯುತ್ತಿದ್ದೆ.

ಆ ಮಧ್ಯಾಹ್ನ ಅವ್ವ, ಕಾಕು ಇಬ್ಬರೂ ಹೊರಗೆ ಹೊರಸಿನ ಮೇಲೆ ಹಪ್ಪಳ ಹಾಕುತ್ತಿದ್ದರು. ಉಪ್ಪು ಹೆಚ್ಚಾಯಿತೆಂದು ಒಬ್ಬರು, ಇಲ್ಲವೆಂದು ಇನ್ನೊಬ್ಬರು. ನಾನು ಕಾಗೆ ಓಡಿಸುತ್ತ ತೂಕಡಿಸುತ್ತಿದ್ದೆ. ಆಗ ಶೆಡ್ಡಿನ ಭೋಂಗಾ ಕೂಗಿತು. ಪಾಳಿ ಬದಲಿಸುವ ಕೂಗು ಒಂದೇ ಉಸಿರಿನದು. ಇದು ನಿಂತು ಮತ್ತೆ ಕೂಗಿತು, ನಿಂತು ಮತ್ತೆ ಕೂಗಿತು. ಎಲ್ಲೋ ಅಪಘಾತವಾಗಿದೆ, ಪರಿಹಾರದ ಗಾಡಿ ಹೊರಡಬೇಕು ಎಂದು ಅದರ ಅರ್ಥ. ಸಾಲಿನ ಎಲ್ಲ ಮನೆಗಳ ಬಾಗಿಲಿಗೂ ಹೆಂಗಸರು ಬಂದು ನಿಂತರು. ಪ್ರತಿಯೊಬ್ಬಳೂ ತನ್ನ ಗಂಡ ಈ ಹೊತ್ತಿಗೆ ಎಲ್ಲಿರುತ್ತಾನೆಂದು ಮನಸ್ಸಿನಲ್ಲೇ ದಾರಿ ಹಿಡಿದು ಹೋಗುತ್ತಿದ್ದಳು. ಅವ್ವ ಮಸಿ ಬೀಳದಿರಲೆಂದು ಹಪ್ಪಳದ ಮೇಲೆ ತನ್ನ ಹಳೆಯ ಸೀರೆ ಹೊದಿಸಿದಳು. ಅದರ ಒಂದು ಅಂಚನ್ನು ಹಿಡಿದ ಕಾಕುವಿನ ಕೈ ಅಲ್ಲೇ ನಿಂತಿದ್ದು ನನಗೆ ಈಗಲೂ ಕಾಣುತ್ತದೆ.

ಏನಾಯಿತೆಂದು ನನಗೆ ತಿಳಿದದ್ದು ತುಂಡುತುಂಡಾಗಿ, ಬಹಳ ದಿನಗಳಲ್ಲಿ. ಆ ಸ್ಟೇಷನ್ನಿನ ಹೆಸರು ಬರೆಯುವುದಿಲ್ಲ. ಸ್ಟೇಷನ್ನೂ ಈಗಿಲ್ಲ, ಅಲ್ಲೆಲ್ಲ ಗಗನಚುಂಬಿ ಕಟ್ಟಡಗಳೆದ್ದಿವೆ. ಪ್ಯಾಸೆಂಜರ್ ಬಂದು ನಿಂತಿತು. ಅಪ್ಪ ತಂದ ರಿಂಗನ್ನು ಕೆಳಗೆ ಕೊಟ್ಟ. ಸ್ಟೇಷನ್ನಿನವನೊಬ್ಬ ಅದನ್ನು ಒಳಗೆ ಒಯ್ದು ಮೇಜಿನ ಮೇಲಿಟ್ಟ. ಇನ್ನೊಬ್ಬ, ಅದು ಮುಂದಿನ ದಾರಿಯದೇ ಎಂದುಕೊಂಡು, ಎತ್ತಿ ತಂದು ಮತ್ತೆ ಅಪ್ಪನ ಕೈಗೇ ಕೊಟ್ಟ. ತಾನು ಈಗಷ್ಟೇ ಕೊಟ್ಟ ಗುಂಡೇ ತಿರುಗಿ ಬಂದಿತ್ತು. ಅಪ್ಪ ರಿಂಗನ್ನು ಹೆಗಲಿಗೇರಿಸಿ ಮುಂದಿನ ಸ್ಟೇಷನ್ನಿನ ಹೆಸರನ್ನು ಗಟ್ಟಿಯಾಗಿ ಕೂಗಿ ಹೇಳಿದ. ಕಾಕಾ ಅದೇ ಹೆಸರನ್ನು ಮರುನುಡಿದು ಸೀಟಿ ಎಳೆದರು. ಚೀಲದಲ್ಲಿ ಆ ಹೆಸರಿರಲಿಲ್ಲ. ಸರಿಯಾದ ಗುಂಡು ಹಿಡಿದು ಎದುರಿನಿಂದ ಒಂದು ಗೂಡ್ಸು ಗಾಡಿ ಆಗಲೇ ಹೊರಟಿತ್ತು. ಉಪ್ಪಿನ ಗದ್ದೆಯ ತಿರುವಿನಲ್ಲಿ ಎದುರು ಹೊಗೆ ಕಂಡಾಗ ಅಪ್ಪ ಬೆನ್ನು ತಿರುಗಿಸಿ ಕಲ್ಲಿದ್ದಲು ಹಾಕುತ್ತಿದ್ದ. ಕಾಕಾ ಬ್ರೇಕು ಎಳೆದು, ಅಪ್ಪನ ಅಂಗಿ ಹಿಡಿದು ಹೊರಗೆ ದೂಡಿದರು. ತಾವು ಬ್ರೇಕು ಬಿಡಲಿಲ್ಲ. ಎಷ್ಟು ಜನ ಸತ್ತರೆಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ನಮ್ಮ ಸಾಲಿನಲ್ಲಿ ಎಲ್ಲರೂ ಎಣಿಸಿದ್ದು ಒಬ್ಬರನ್ನೇ.

ಅಪ್ಪ ಮರುದಿನ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ. ಬಂದವನು ಹಿತ್ತಿಲ ಬಾಗಿಲಲ್ಲಿ ಕೂತ. ದಿನಗಟ್ಟಲೆ ಅಲ್ಲೇ ಕೂತಿದ್ದ. ಗೋಡೆಯ ಮೇಲಿನ ಸಂದಿಯಿಂದ ಏನೂ ದಾಟಿ ಬರುತ್ತಿರಲಿಲ್ಲ, ಮೀನಿನ ಘಮವೂ ಇಲ್ಲ, ಅಳುವೂ ಇಲ್ಲ. ಅವ್ವ ಎರಡು ಹೊತ್ತು ಗಂಜಿ ಒಯ್ದು ಕಾಕುವಿನ ಮುಂದಿಡುತ್ತಿದ್ದಳು, ಅರ್ಧ ವಾಪಸು ತರುತ್ತಿದ್ದಳು. ಅಷ್ಟರಲ್ಲಿ ವಿಚಾರಣೆಯ ದಿನ ಗೊತ್ತಾಯಿತು. ಶೆಡ್ಡಿನ ಹಿರಿಯರು ಬಂದು, ಚಹಾ ಕುಡಿದು, ದನಿ ತಗ್ಗಿಸಿ ಅಪ್ಪನಿಗೆ ಬುದ್ಧಿ ಹೇಳಿದರು. ಹೆಸರು ಓದುವುದು ಇಬ್ಬರ ಕೆಲಸವಾದರೂ ಕೊನೆಗೆ ನೋಡಬೇಕಾದವನು ಡ್ರೈವರ್. ರಿಂಗನ್ನು ಉಸ್ತಾದರ ಕೈಗೆ ಕೊಟ್ಟೆ, ಅವರೇ ನೋಡಿ ಹೇಳಿದರು, ನನಗೆ ಗೊತ್ತಿಲ್ಲ ಎಂದುಬಿಡು. ಸತ್ತವರ ಕೆಲಸ ಯಾರು ಕಿತ್ತುಕೊಳ್ಳುತ್ತಾರೆ? ಉಳಿದವನಿಗೆ ಮೂರು ಮಕ್ಕಳು. ಆದರೆ ಇನ್ನೊಂದು ಮಾತೂ ಇತ್ತು, ಅದನ್ನು ಅವರೇ ಹೇಳಿದರು. ಗಂಡನ ಮೇಲೆ ತಪ್ಪು ಬೀಳದಿದ್ದರೆ ಕಾಕುವಿಗೆ ರೈಲ್ವೆ ಆಸ್ಪತ್ರೆಯಲ್ಲಿ ಆಯಾ ಕೆಲಸ ಸಿಗಲಿತ್ತು. ತಪ್ಪು ಬಿದ್ದರೆ ಅದೂ ಇಲ್ಲ, ಮನೆಯೂ ಇಲ್ಲ. ಎರಡು ಮನೆಯಲ್ಲಿ ಒಂದೇ ಉಳಿಯುವುದೆಂದು ನನಗೂ ಅರ್ಥವಾಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಉಳಿಯುವುದು ನಮ್ಮದಾಗಲಿ ಎಂದು ನಾನು ದೇವರ ಫೋಟೋದ ಮುಂದೆ ಕೈಮುಗಿದೆ.

ವಿಚಾರಣೆಗೆ ಎರಡು ದಿನವಿತ್ತು. ನಾನು ಸ್ನಾನಕ್ಕೆ ಹೊರಟು ಎಡಗಡೆಯ ಮೊಳೆಯಿಂದ ರಿಂಗು ತೆಗೆದುಕೊಂಡೆ. ಆ ದಿನಗಳಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ, ನಾವೂ ಚೀಲ ಬಿಚ್ಚುತ್ತಿರಲಿಲ್ಲ. ಅಪ್ಪ ಹೊಸ್ತಿಲ ಮೇಲೆ ಕೂತಿದ್ದ. ಕಾಕಾ ಕೂರುತ್ತಿದ್ದ ಕಟ್ಟೆಯ ಮೇಲೆ, ಎಷ್ಟೋ ದಿನಗಳ ಮೇಲೆ ಮೊದಲ ಸಲ, ಗಿರಿಜಾ ಕಾಕು ಬಿಸಿಲಿಗೆ ಬಂದು ಕೂತಿದ್ದರು. ನನ್ನನ್ನು ನೋಡಿದರು.

"ಯಾವುದು?"

ದನಿ ಅವರದೇ, ಆದರೆ ಕೇಳಿದ ರೀತಿ ಕಾಕಾನದು.

"ಬಚ್ಚಲು," ಎಂದೆ.

"ನೋಡಿ ಹೇಳಿದ್ಯಾ?"

"ನೋಡಿದೆ."

ಕಾಕು ಕೈಚಾಚಿ ಚೀಲ ಬಿಚ್ಚಿ ಬಿಲ್ಲೆಯನ್ನು ತೊಡೆಯ ಮೇಲಿಟ್ಟರು. ಅದು ಇನ್ನೊಂದು. ಕಾಕಾ ಕೊನೆಯ ದಿನ ಬೆಳಿಗ್ಗೆ ಹೊರಡುವಾಗ ಅದಲುಬದಲು ಮಾಡಿದ್ದರೋ, ನಾವೇ ಮಾಡಿದ್ದೆವೋ, ದೇವರೇ ಬಲ್ಲ. ಕಾಕು ನನ್ನನ್ನು ಬೈಯಲಿಲ್ಲ. ನೂರು ಎಣಿಸು ಎಂದೂ ಹೇಳಲಿಲ್ಲ. ನಾನೇ ಎಣಿಸತೊಡಗಿದೆ, ಕಣ್ಣೀರು ಸುರಿಸುತ್ತ. ಹತ್ತು ಹನ್ನೆರಡು ಎಣಿಸಿರಬೇಕು, ಹೊಸ್ತಿಲಿನಿಂದ ಅಪ್ಪ ಎದ್ದು ಬಂದ. ಕಾಕುವಿನ ಮುಂದೆ ನೆಲದ ಮೇಲೆ ಕೂತ.

"ವೈನಿ, ನಾನೂ ನೋಡಲಾರದೇ ಹೇಳೀನ್ರಿ."

ಕಾಕು ಬಿಲ್ಲೆಯನ್ನು ತಿರುಗಿ ಚೀಲದೊಳಗಿಟ್ಟರು.

"ಈ ಮಕ್ಕಳನ್ನು ಕೇಳದೆ ಬಚ್ಚಲಿಗೆ ಬಿಡ್ಲಿಲ್ಲ ಅವರು," ಎಂದರು. "ನಿಮ್ಮನ್ನು ಯಾಕೆ ಕೇಳ್ಲಿಲ್ಲ?"

ಆಮೇಲೆ ಕಾಕು ಹೇಳಿದ್ದು ಒಂದೇ ಮಾತು.

"ನನ್ನ ಹತ್ರ ಹೇಳಿದ್ರೆ ಸಾಕಾಗುದಿಲ್ಲ. ಅಲ್ಲಿ ಹೇಳಿ."

ಒಳಗೆ ಬಂದ ಮೇಲೆ ಅವ್ವ ಅಪ್ಪನ ಮೇಲೆ ಹರಿಹಾಯ್ದಳು. ಮಾತು ಸಂದಿಯಿಂದ ಆಚೆ ದಾಟೀತೆಂಬ ಲಕ್ಷ್ಯವೂ ಇರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಇನ್ನು ಈ ಮಾತನ್ನು ಹೆಕ್ಕಿ ತರುವವರು ಯಾರು ಎಂದಳು. ನಿಮ್ಮ ಖರೇತನ ಬೇಯಿಸಿ ಮಕ್ಕಳಿಗೆ ಬಡಿಸಲೇನು ಎಂದಳು. ಕೊನೆಗೆ ಅಪ್ಪನ ಎದೆಗೆ ಹಣೆಯಿಟ್ಟು ಅತ್ತಳು. ವಿಚಾರಣೆಯ ಬೆಳಿಗ್ಗೆ ಅವನ ಒಗೆದ ಅಂಗಿಗೆ ತಾನೇ ಗುಂಡಿ ಹಾಕಿದಳು, ಅವನ ಕೈಗಿನ್ನೂ ಪಟ್ಟಿಯಿತ್ತು.

ಅಪ್ಪ ಅಲ್ಲಿ ಹೇಳಿದ. ಹೆಸರನ್ನು ತಾನು ನೋಡದೆ ಕೂಗಿದೆನೆಂದೂ ಉಸ್ತಾದರು ತನ್ನ ಮಾತು ನಂಬಿದರೆಂದೂ ಹೇಳಿದ. ಸ್ಟೇಷನ್ನಿನವರ ತಪ್ಪೂ ಬರೆಯಲ್ಪಟ್ಟಿತು, ಅಪ್ಪನದೂ ಬರೆಯಲ್ಪಟ್ಟಿತು. ಅಪ್ಪನ ಕೆಲಸ ಹೋಯಿತು. ಕಾಕುವಿಗೆ ಆಸ್ಪತ್ರೆಯ ಕೆಲಸ ಸಿಕ್ಕಿತು. ನಮಗೆ ಕಳವಾ ಎಂಬ ಊರಲ್ಲಿ ಒಂದು ಕೋಣೆ, ಅಪ್ಪನಿಗೆ ಒಂದು ಕಾರ್ಖಾನೆಯಲ್ಲಿ ಬಾಯ್ಲರಿನ ಮುಂದೆ ನಿಲ್ಲುವ ಕೆಲಸ. ಅಲ್ಲಿ ಲೋಕಲ್ಲು ಹೋದರೆ ಲೋಟಗಳೆಲ್ಲ ಒಟ್ಟಿಗೇ ನಡುಗುತ್ತಿದ್ದವು, ಯಾವುದರಿಂದಲೂ ಏನೂ ತಿಳಿಯುತ್ತಿರಲಿಲ್ಲ. ನಾನು ಅಪ್ಪನ ಮೇಲೆ ವರ್ಷಗಟ್ಟಲೆ ಸಿಟ್ಟಾಗಿದ್ದೆ. ಆ ಬೆಳಿಗ್ಗೆ ನಾನು ಚೀಲ ಬಿಚ್ಚಿ ನೋಡಿದ್ದರೆ ಮನೆ ಉಳಿಯುತ್ತಿತ್ತು ಎಂದು ನನ್ನ ಮೇಲೂ ಸಿಟ್ಟಾಗಿದ್ದೆ. ದೊಡ್ಡವಳಾದ ಮೇಲೆ ಡೊಂಬಿವಲಿಯ ಒಂದು ಔಷಧಿ ಅಂಗಡಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದೆ. ಚೀಟಿ ಒಮ್ಮೆ, ಡಬ್ಬಿ ಒಮ್ಮೆ, ಕೊಡುವಾಗ ಮತ್ತೊಮ್ಮೆ ಓದುತ್ತಿದ್ದೆ. ಲೋಕಲ್ಲು ತಪ್ಪುತ್ತದೆಂದು ಗಿರಾಕಿಗಳು ಗೊಣಗುತ್ತಿದ್ದರು. ಗೊಣಗಲಿ ಎಂದುಕೊಳ್ಳುತ್ತಿದ್ದೆ. ಅಪ್ಪನ ಮೇಲಿನ ಸಿಟ್ಟು ಯಾವಾಗ ಇಳಿಯಿತೋ ಗೊತ್ತಿಲ್ಲ. ಆ ಅಂಗಡಿಯ ಕೌಂಟರಿನ ಹಿಂದೆಯೇ ಎಲ್ಲೋ ಇಳಿದಿರಬೇಕು.

ಕ್ವಾರ್ಟರ್ಸು ಬಿಟ್ಟ ಬೆಳಿಗ್ಗೆ ಕೈಗಾಡಿಯ ಮೇಲೆ ಸಾಮಾನು ಏರಿತ್ತು. ಕಂಚಿನ ತಂಬಿಗೆ ನನ್ನ ಮಡಿಲಲ್ಲಿತ್ತು. ಅವ್ವ, ಕಾಕು ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತಾಗಿತ್ತು. ಅಪ್ಪ ಮಾತ್ರ ದೂರ ನಿಂತಿದ್ದ. ಕಟ್ಟೆಯ ಮುಂದೆ ಕೂತ ಆ ದಿನದಿಂದ ಅವನೂ ಕಾಕುವೂ ಮಾತಾಡಿರಲಿಲ್ಲ. ಕಾಕು ಒಳಗೆ ಹೋಗಿ ಹಿತ್ತಿಲ ಮೊಳೆಯಿಂದ ಒಂದು ರಿಂಗು ತೆಗೆದುಕೊಂಡು ಬಂದರು. ಹೊಸಬರು ಬರುವವರೆಗೆ ಆ ಹಿತ್ತಿಲಿಗೆ ಅವರೊಬ್ಬರೇ, ರಿಂಗಿನ ಕೆಲಸವಿರಲಿಲ್ಲ. ಅದನ್ನು ಅಪ್ಪನತ್ತ ಚಾಚಿದರು. ಅಪ್ಪ ತೆಗೆದುಕೊಂಡು ಅಭ್ಯಾಸಬಲದಿಂದ ಹೆಗಲಿಗೇರಿಸಹೋದವನು ತಡೆದ.

"ಯಾವುದು?" ಎಂದರು ಕಾಕು.

ಅಪ್ಪ ಚೀಲ ಬಿಚ್ಚಿದ. ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು, ಬೆಳಕಿಗೆ ತಿರುಗಿಸಿ, ಅಕ್ಷರ ಅಕ್ಷರ ಬೆರಳಿಟ್ಟು ನೋಡಿದ. ಸಾಲಿನ ಜನರೆಲ್ಲ ಬಾಗಿಲಲ್ಲಿ ನಿಂತಿದ್ದರು. ಆಮೇಲೆ ಎಂಜಿನ್ನಿನ ಮೇಲೆ ಕೂಗುವಷ್ಟೇ ಗಟ್ಟಿಯಾಗಿ ಓದಿದ.

"ಸಂಡಾಸ."

ಯಾರೂ ನಗಲಿಲ್ಲ. ಕಾಕಾ ಅಪ್ಪನನ್ನು ಎಂದೂ ಕೇಳದಿದ್ದ ಪ್ರಶ್ನೆಯನ್ನು ಕಾಕು ಕೇಳಿದರು.

"ನೋಡಿ ಹೇಳಿದ್ರಾ?"

"ನೋಡೇ ಹೇಳೀನ್ರಿ, ವೈನಿ."

"ಹಾಗಾದ್ರೆ ಹೋಗಿ," ಎಂದರು ಕಾಕು. ಕೈಗಾಡಿಯವನು ಗಾಡಿ ಎತ್ತಿದ, ನಾವು ಹೊರಟೆವು.